ಕುಡಿತ ಬಿಟ್ಟು 47 ದಿನ ಆಯ್ತು, ಈಗ ಸಿಹಿ ತಿನ್ನದೆ ಇರಲು ಆಗುತ್ತಿಲ್ಲ

ಪ್ರಶ್ನೆ – ಹುಬ್ಬಳ್ಳಿಯಿಂದ, ವಯಸ್ಸು 41

ಒಂಬತ್ತು ವರ್ಷ ದಿನಾ ರಾತ್ರಿ ಒಂದು ಕ್ವಾರ್ಟರ್ ಕುಡಿಯುತ್ತಿದ್ದೆ. ಡಾಕ್ಟರ್ ಹತ್ತಿರ ಹೋಗಿ ಬಿಟ್ಟು ಇವತ್ತಿಗೆ 47 ದಿನ. ಮೊದಲು ನನಗೆ ಸಿಹಿ ಅಂದರೆ ಆಗುತ್ತಿರಲಿಲ್ಲ, ಮದುವೆ ಊಟದಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಈಗ ಸಂಜೆ ಏಳೂವರೆಗೆ ಅಂಗಡಿ ಶಟರ್ ಎಳೆಯುವ ಹೊತ್ತಿಗೆ ಚಡಪಡಿಕೆ ಶುರು, ಏನಾದರೂ ಸಿಹಿ ಬೇಕೇ ಬೇಕು. ಮೊನ್ನೆ ಧಾರವಾಡ ಲೈನ್ ಬಜಾರಿನಲ್ಲಿ ಮಗಳಿಗೆ ಅಂತ ಕಾಲು ಕೆಜಿ ಪೇಢೆ ಕೊಂಡೆ. ಚಿಗರಿ ಬಸ್ಸಿನಲ್ಲಿ ಒಂದೊಂದೇ ತಿನ್ನುತ್ತಾ ಬಂದೆ, ನವನಗರ ಬರುವುದರೊಳಗೆ ಡಬ್ಬಿಯಲ್ಲಿ ಎರಡೇ ಉಳಿದಿದ್ದವು, ಅಂಗಿ ಮೇಲೆಲ್ಲ ಸಕ್ಕರೆ ಪುಡಿ. ಮಗಳು ಡಬ್ಬಿ ತೆಗೆದು ನೋಡಿ ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವಾಯ್ತು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ಚಟ ಬಿಟ್ಟು ಇನ್ನೊಂದಕ್ಕೆ ಬಿದ್ದೆನಾ?

ಉತ್ತರ – ಗದಗದಿಂದ

ಅಣ್ಣಾ, 47 ದಿನ ಸುಮ್ನೆ ಅಲ್ಲ. ನಾನು ಬಿಟ್ಟು ನಾಲ್ಕು ವರ್ಷ ಆಯ್ತು, ಮೊದಲ ಮೂರು ತಿಂಗಳು ನನಗೂ ಹೀಗೇ ಇತ್ತು. ಎಣ್ಣೆಯೋ ಪೇಢೆಯೋ ಅನ್ನುವ ಹೊತ್ತು ಬಂದರೆ ಪೇಢೆ ತಿನ್ನಿ, ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನಾನು ಮೊದಲ ಸಲ ಬಿಟ್ಟಾಗ ಇನ್ನು ಎಲ್ಲಾ ಸರಿ ಮಾಡಿಬಿಡುತ್ತೇನೆ ಅಂತ ಸಿಹಿಯನ್ನೂ ರಾತ್ರಿ ಊಟವನ್ನೂ ಒಟ್ಟಿಗೆ ಬಿಟ್ಟಿದ್ದೆ, ಹನ್ನೆರಡನೇ ದಿನ ಖಾಲಿ ಹೊಟ್ಟೆಯಲ್ಲಿ ಬಾರ್ ಮುಂದೆ ನಿಂತಿದ್ದೆ. ಎರಡನೇ ಸಲ ಸಂಜೆ ಆರಕ್ಕೇ ಹೊಟ್ಟೆ ತುಂಬಿಸಿಕೊಳ್ಳಲು ಶುರು ಮಾಡಿದೆ. ಒಂದು ಪ್ಲೇಟ್ ಗಿರ್ಮಿಟ್, ಜೊತೆಗೆ ಒಂದು ಹಿಡಿ ಹುರಿದ ಶೇಂಗಾ. ಇಲ್ಲದಿದ್ದರೆ ಮಡಿಕೆ ಕಾಳು ಉಸಳಿ. ಏಳೂವರೆಗೆ ಆಸೆ ಬರುತ್ತಿತ್ತು, ಆದರೆ ಅಷ್ಟು ಜೋರಾಗಿ ಅಲ್ಲ.

ಉತ್ತರ – ಧಾರವಾಡದಿಂದ, ನರ್ಸ್

ಸರ್, ಇದಕ್ಕೆ ದೇಹದಲ್ಲೇ ಕಾರಣ ಇದೆ. ನಿಮ್ಮ ಕ್ವಾರ್ಟರ್ ಅಂದರೆ 180 ಎಂಎಲ್, ವಿಸ್ಕಿ ಆದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ಗ್ರಾಂಗೆ 7 ಕ್ಯಾಲರಿ, ಸಕ್ಕರೆಗೆ 4. ದಿನಾ ಬರುತ್ತಿದ್ದ 400ಕ್ಕೂ ಹೆಚ್ಚು ಕ್ಯಾಲರಿ ಒಮ್ಮೆಲೇ ನಿಂತಿದೆ, ದೇಹ ಕೇಳುತ್ತೆ ಅಲ್ವಾ? ಎಣ್ಣೆ ಹೊಡೆದಾಗ ಮಿದುಳಿನಲ್ಲಿ ಡೋಪಮೈನ್ ಏರಿ ಖುಷಿ ಕೊಡುತ್ತಿತ್ತು, ಸಿಹಿಯೂ ಅದೇ ದಾರಿಯನ್ನು ತಟ್ಟುತ್ತೆ. ಅದಕ್ಕೇ ಸರಿಯಾಗಿ ಕುಡಿಯುವ ಹೊತ್ತಿಗೇ ಆಸೆ ಬರುವುದು. ಬಹಳಷ್ಟು ಜನರಿಗೆ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತೆ.

ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು ಅಂದಿರಿ, ಆದ್ದರಿಂದ ಎಚ್‌ಬಿಎ1ಸಿ ಅನ್ನುವ ಸಕ್ಕರೆಯ ರಕ್ತ ಪರೀಕ್ಷೆ ಮಾಡಿಸಿ. 5.7ಕ್ಕಿಂತ ಕಡಿಮೆ ಬಂದರೆ ಸರಿ, 5.7ರಿಂದ 6.4 ಇದ್ದರೆ ಎಚ್ಚರ, 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರ್ ಹತ್ತಿರ ಹೋಗಿ. ಬೆಲ್ಲ ಆದರೆ ಪರವಾಗಿಲ್ಲ ಅನ್ನುವ ಮಾತು ನಂಬಬೇಡಿ, ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ, ಮೊದಲ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬನ್ನಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಉತ್ತರ – ಹಾವೇರಿಯಿಂದ

ನಮ್ಮ ಮನೆಯವರು ಕುಡಿತ ಬಿಟ್ಟಾಗ ಚಹಾಕ್ಕೆ ಐದು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ನಾನು ಸಕ್ಕರೆ ಡಬ್ಬಿ ಬಚ್ಚಿಟ್ಟೆ. ಆವತ್ತು ಮನೆಯಲ್ಲಿ ಆದ ಜಗಳ ಅವರು ಕುಡಿಯುತ್ತಿದ್ದಾಗಲೂ ಆಗಿರಲಿಲ್ಲ. ಆಮೇಲೆ ಒಂಬತ್ತೂವರೆಗೆ ಹಾಕುತ್ತಿದ್ದ ರೊಟ್ಟಿ ಊಟವನ್ನು ಏಳಕ್ಕೇ ಹಾಕತೊಡಗಿದೆ, ಊಟದ ಮೇಲೆ ಒಂದು ಬಾಳೆಹಣ್ಣು. ಡಬ್ಬಿ ಎದುರಿಗೇ ಇತ್ತು, ಚಮಚ ತಾನಾಗಿ ಎರಡಕ್ಕೆ ಇಳಿಯಿತು. ಅಣ್ಣಾ, ಮಗಳಿಗೆ ನಿಜ ಹೇಳಿಬಿಡಿ. ಮಕ್ಕಳು ಸುಮ್ಮನಿದ್ದರೆ ಅವರಿಗೆ ಏನೂ ತಿಳಿದಿಲ್ಲ ಅಂತಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿನ್ನೆ ಆರಕ್ಕೆ ಗಿರ್ಮಿಟ್ ತಿಂದೆ, ರಾತ್ರಿ ಒಂದೇ ಒಂದು ಚಿಕ್ಕಿಯಲ್ಲಿ ಮುಗಿಯಿತು. ಮಗಳಿಗೂ ಹೇಳಿದೆ. ಅವಳು ಇನ್ನು ಮೇಲೆ ಸಂಜೆ ಅಂಗಡಿಗೆ ಬಂದು ನನ್ನ ಜೊತೆಗೇ ಮನೆಗೆ ಬರುತ್ತಾಳಂತೆ. ಸಿಸ್ಟರ್, ಆ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ?

ಉತ್ತರ – ಧಾರವಾಡದಿಂದ, ನರ್ಸ್

ಬೇಡ ಸರ್. ಅದು ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತೆ, ಊಟ ಮಾಡಿಯೇ ಹೋಗಿ.