ಉತ್ತರ: ಪಾರ್ಕಿನ ಬೋರ್ಡಿಗೆ ಪದ ಬೇಕಿತ್ತು, ನಾಳೆಯೇ

> ಮಡಿಕೇರಿಯ ಒಂದು ಪಾರ್ಕಿನಲ್ಲಿ ಮಳೆನೀರಿಗೆ ಗುಂಡಿ ತೆಗೆಸಿದ್ದೇವೆ. ನಾಳೆ ಬೋರ್ಡ್ ಬರೆಯುವವರು ಬರುತ್ತಾರೆ. ‘ಜಲ ಮರುಪೂರಣ ಘಟಕ’ ಸರಿಯಾ?

ಬೇಡ ಮೇಡಂ. ‘ಇಂಗುಗುಂಡಿ’ ಅಂತ ಬರೆಸಿ.

ಮರುಪೂರಣ ಅಂದರೆ ಮತ್ತೆ ತುಂಬುವುದು. ಕೊಳವೆಬಾವಿಗೆ ಆ ಮಾತು ಒಪ್ಪುತ್ತದೆ. ಗುಂಡಿಯ ಕೆಲಸ ತುಂಬಿ ನಿಲ್ಲುವುದಲ್ಲ, ನೀರನ್ನು ಮಣ್ಣಿಗೆ ಬಿಡುವುದು. ‘ಘಟಕ’ವಂತೂ ಸುಮ್ನೆ ಬಾಲ.

ಇಂಗು ಅಂದರೆ ಒಗ್ಗರಣೆಯ ಇಂಗು ನೆನಪಾಗುತ್ತದೆ ಅಂತ ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ಒಪ್ಪೋದಿಲ್ಲ. ಆ ಇಂಗು ಸಂಸ್ಕೃತದ ‘ಹಿಂಗು’ವಿನಿಂದ ಬಂದದ್ದು. ಇದು ನಮ್ಮದೇ ಕ್ರಿಯಾಪದ, ತೆಲುಗಿನ ‘ಇಂಕು’ವಿನ ಒಡಹುಟ್ಟು. ಅವರು ಇದೇ ಗುಂಡಿಗೆ ‘ಇಂಕುಡು ಗುಂತ’ ಅನ್ನುತ್ತಾರೆ. ಕ್ರಿಯಾಪದಕ್ಕೆ ನಾಮಪದ ಸೇರಿ ಬೀಸುಕಲ್ಲು, ಸುಡುಗಾಡು ಆದ ಹಾಗೇ ಇಂಗುಗುಂಡಿ. ಪದ ಬದುಕಿದೆಯಾ ಅಂತ ನಿಘಂಟು ನೋಡಬೇಕಿಲ್ಲ. ಹೋದ ಜುಲೈಯಲ್ಲಿ ಅಂಥದೇ ಒಂದು ಗುಂಡಿಯ ಹತ್ತಿರ ನಿಂತಿದ್ದೆ. ಮಾಲಿ ಬಗ್ಗಿ, ಕೊಳೆತು ಕಪ್ಪಾಗಿದ್ದ ಸಿಲ್ವರ್ ಓಕ್ ಎಲೆಗಳನ್ನು ಕೈಯಲ್ಲೇ ಬಾಚಿ ತೆಗೆದ. “ತರಗು ಕೂತ್ರೆ ನೀರು ಇಂಗಲ್ಲ ಸಾರ್” ಅಂದ. ಅವನ ಬಾಯಲ್ಲಿ ಇರುವ ಮಾತು ಬೋರ್ಡಿನಲ್ಲೂ ಇರಲಿ.

‘ತೊಟ್ಟಿಲು ಗುಂಡಿ’ ಅಂದವರಿಗೆ: ಅದು ತೋಟದ ಮಾತು, ಚೆಂದದ ಮಾತು. ಆದರೆ ಅದು ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡ ತೆಗೆಯುವ ಉದ್ದನೆಯ ಗುಂಡಿ. ನೀರಿನ ಜೊತೆ ಕೊಚ್ಚಿಹೋಗುವ ಮೇಲ್ಮಣ್ಣು, ತರಗು ಎಲ್ಲ ಅದರಲ್ಲಿ ನಿಲ್ಲಬೇಕು. ಪಾರ್ಕಿನದಕ್ಕೆ ತರಗೇ ಶತ್ರು. ‘ಕಡಂಗ’ವೂ ಆಗಲ್ಲ. ಅದು ಹಿಂದಿನವರು ಕಾವಲಿಗೆ, ಗಡಿಗೆ ತೋಡಿದ ಕಂದಕ.

ನಾನು ಇಷ್ಟು ಹಟ ಹಿಡಿಯೋಕೆ ಇನ್ನೊಂದು ಕಾರಣ ಇದೆ. 2018ರ ಆಗಸ್ಟಿನಲ್ಲಿ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿದದ್ದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಕಡಿದಾದ ಜಾಗದಲ್ಲಿ ಮಣ್ಣು ನೀರು ಕುಡಿದಷ್ಟೂ ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಇಂಗುಗುಂಡಿ ಸಮತಟ್ಟು ಜಾಗಕ್ಕೆ ಸರಿ, ಬರೆಯ ಅಂಚಿಗೆ ಅಲ್ಲ. ಬೋರ್ಡಿನಲ್ಲಿ ‘ಇಂಗು’ ಅಂತ ಇದ್ದರೆ ಓದಿದವರು “ಇಲ್ಲಿ ನೀರು ಇಂಗಿಸಬಹುದಾ?” ಅಂತ ಕೇಳುತ್ತಾರೆ. ‘ಘಟಕ’ ಅಂದರೆ ಯಾರು ಕೇಳುತ್ತಾರೆ?

ಪಾರ್ಕ್ ಬೇಡ, ಉದ್ಯಾನವೇ ಅಚ್ಚಗನ್ನಡ ಅಂತ ವಾದಿಸಿದವರಿಗೆ ಒಂದೇ ಮಾತು: ಉದ್ಯಾನವೂ ಕಡ ತಂದದ್ದೇ. ಕಾಫಿಯೂ ಅರಬ್ಬಿಯಿಂದ ಬಂದ ಪದ. ಅದನ್ನು ಬಿಟ್ಟು ಕೊಡಗಿನಲ್ಲಿ ಒಂದು ದಿನ ಮಾತಾಡಿ ನೋಡೋಣ. ಇಲ್ಲದ್ದಕ್ಕೆ ಕಡ ತರೋಣ, ಮನೆಯಲ್ಲೇ ಇರುವಾಗ ಯಾಕೆ?

ಮೇಡಂ, ಬರೆಯುವವರಿಗೆ ಜೋಡಿಸಿಯೇ ಬರೆಯಲು ಹೇಳಿ. ಜಾಗ ಸಾಲದೆ ‘ಇಂಗು’ ಮೇಲೆ, ‘ಗುಂಡಿ’ ಕೆಳಗೆ ಮಾಡಿಬಿಡುತ್ತಾರೆ. ಕೆಳಗೆ ಚಿಕ್ಕದಾಗಿ ‘ಕಸ ಹಾಕಬೇಡಿ’ ಅಂತಲೂ ಇರಲಿ.