ಹಂಗಾಮಿ, ಆಕ್ರಮಣಕಾರಿ, ತಂತ್ರಜ್ಞ: ಮೂರು ಪದಕ್ಕೂ ತಕರಾರಿದೆ

ಬಳಗದವರಿಗೆ ಕಲಬುರಗಿಯಿಂದ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ನಾವು ಕೆಲವರು ಸೇರಿ ಉದ್ಯೋಗ ಪರಿಚಯದ ಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಜೀವಶಾಸ್ತ್ರ ಓದಿದವರು ಹೊರದೇಶಗಳಲ್ಲಿ ಮಾಡುವ ಕೆಲಸಗಳ ಭಾಗ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಒಂದು ಹುದ್ದೆಯ ಹೆಸರು ಏನು ಮಾಡಿದರೂ ಕನ್ನಡಕ್ಕೆ ಒಗ್ಗುತ್ತಿಲ್ಲ. ನಮ್ಮ ಕರಡಿನಲ್ಲಿ ಸದ್ಯ ‘ಆಕ್ರಮಣಕಾರಿ ಮೀನು ಪ್ರಭೇದಗಳ ನಿಯಂತ್ರಣದ ಹಂಗಾಮಿ ತಂತ್ರಜ್ಞ’ ಎಂದಿದೆ. ಓದಿದವರಿಗೆ ಮೀನು ಕಚ್ಚಲು ಬರುತ್ತದೆ ಎಂದೂ, ಕಾಯಂ ತಂತ್ರಜ್ಞರು ರಜೆಯ ಮೇಲಿದ್ದಾರೆ ಎಂದೂ ಅನ್ನಿಸುತ್ತದೆ. ಕೆಲಸ ಏನೆಂದು ಮೊದಲು ಹೇಳುತ್ತೇನೆ, ಹೆಸರಿನ ಜಗಳ ಆಮೇಲೆ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗಿನ ಯೆಲ್ಲೋಸ್ಟೋನ್ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಎಂಬ ಮೀನು ಸಿಕ್ಕಿತು. ಆ ಸರೋವರದ ಮೂಲ ನಿವಾಸಿ ಬೇರೆಯದು, ಕಟ್‌ಥ್ರೋಟ್ ಟ್ರೌಟ್. ಅದು ಮೊಟ್ಟೆಯಿಡಲು ತೆಳುನೀರಿನ ತೊರೆಗಳಿಗೆ ಏರಿ ಬರುತ್ತದೆ. ಕರಡಿ, ನೀರುನಾಯಿ, ಮೀನುಗಿಡುಗಗಳು ಅದನ್ನು ತಿಂದು ಬದುಕುತ್ತವೆ. ಹೊಸದಾಗಿ ಬಂದದ್ದು ತೊರೆಯ ಕಡೆಗೆ ಸುಳಿಯುವುದೇ ಇಲ್ಲ. ಆಳದಲ್ಲಿ ಇರುತ್ತದೆ, ಸರೋವರದೊಳಗೇ ಮೊಟ್ಟೆಯಿಡುತ್ತದೆ, ಹಳೆಯ ಮೀನನ್ನು ತಿಂದು ಬೆಳೆಯುತ್ತದೆ. ಕರಡಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹಾಗಾಗಿ ಹಿಮಗಡ್ಡೆ ಕರಗಿದ ಮೇಲೆ, ಮೇ ಕೊನೆಯ ಹೊತ್ತಿನಿಂದ ಅಕ್ಟೋಬರ್‌ವರೆಗೆ, ಅಲ್ಲಿ ದೋಣಿಗಳು ಬಲೆ ಹಾಕುತ್ತವೆ. ಕಿವಿರಿಗೆ ಸಿಕ್ಕಿಕೊಳ್ಳುವ ಬಲೆ. ಅದನ್ನು ಎಳೆದು, ಮೀನು ಬಿಡಿಸಿ, ಉದ್ದ ಅಳೆದು, ತೂಕ ಬರೆದು, ಕೆಲವದರ ತಲೆ ಸೀಳಿ ಒಳಗಿನ ಪುಟ್ಟ ಕಿವಿಗಲ್ಲನ್ನು ಹೊರತೆಗೆಯುತ್ತಾರೆ. ಅದರ ಮೇಲಿನ ಉಂಗುರಗಳನ್ನು ಎಣಿಸಿದರೆ ಮೀನಿನ ವಯಸ್ಸು ತಿಳಿಯುತ್ತದೆ. ಸತ್ತ ಮೀನಿನ ಗಾಳಿಚೀಲಕ್ಕೆ ಚುಚ್ಚಿ ಮತ್ತೆ ಸರೋವರಕ್ಕೇ ಹಾಕುತ್ತಾರೆ. ಚುಚ್ಚದಿದ್ದರೆ ತೇಲುತ್ತದೆ, ಚುಚ್ಚಿದರೆ ತಳ ಸೇರಿ, ಅದರಲ್ಲಿದ್ದ ಸತ್ವ ಸರೋವರದಲ್ಲೇ ಉಳಿಯುತ್ತದೆ. ಈ ಕೆಲಸಗಳಿಗೆ ಆ ತಿಂಗಳುಗಳ ಮಟ್ಟಿಗೆ ನೇಮಿಸಿಕೊಳ್ಳುವ ಯುವಕ ಯುವತಿಯರ ಹುದ್ದೆಯ ಹೆಸರೇ ನನ್ನ ತಲೆನೋವು.

ಮೊದಲು ‘ಹಂಗಾಮಿ’. ಪಾರಸಿಯಲ್ಲಿ ಹಂಗಾಮ್ ಎಂದರೆ ಹೊತ್ತು, ಕಾಲ. ಮರಾಠಿಯಲ್ಲಿ ಅದು ಬೆಳೆಯ ಕಾಲವಾಯಿತು. ನಮ್ಮಲ್ಲಿ ‘ಮುಂಗಾರು ಹಂಗಾಮು’, ‘ಹಿಂಗಾರು ಹಂಗಾಮು’ ಎಂಬಲ್ಲಿ ಇಂದಿಗೂ ಅದೇ ಅರ್ಥ. ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳ ಸುದ್ದಿ ಬಂದಾಗಲೆಲ್ಲ ‘ಕಬ್ಬು ನುರಿಸುವ ಹಂಗಾಮು’ ಎಂದೇ ಪತ್ರಿಕೆಗಳು ಬರೆಯುತ್ತವೆ. ಆದರೆ ಕೊನೆಗೆ ಒಂದು ಇಕಾರ ಸೇರಿದ್ದೇ ತಡ, ಪದ ಹೊಲ ಬಿಟ್ಟು ಸಚಿವಾಲಯಕ್ಕೆ ಹೋಗುತ್ತದೆ: ಹಂಗಾಮಿ ಮುಖ್ಯಮಂತ್ರಿ, ಹಂಗಾಮಿ ಕುಲಪತಿ, ಹಂಗಾಮಿ ಸಭಾಪತಿ. ಅಲ್ಲಿ ಕಾಲದ ಸುಳಿವೇ ಇಲ್ಲ. ‘ಬೇರೊಬ್ಬರು ಬರುವ ತನಕ’ ಎಂದಷ್ಟೇ ಅರ್ಥ. ಪ್ರತಿ ವರ್ಷ ಅದೇ ತಿಂಗಳಲ್ಲಿ ಶುರುವಾಗಿ ಅದೇ ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಇದನ್ನು ಹೇಗೆ ಒಪ್ಪಿಸುವುದು? ‘ಋತುಮಾನದ’ ಎಂದರೆ ಪಂಚಾಂಗ ಓದಿದ ಹಾಗಾಗುತ್ತದೆ. ‘ತಾತ್ಕಾಲಿಕ’ ಎಂದರೆ ಮತ್ತೆ ಹಂಗಾಮಿಯ ದಾರಿಯೇ. ಇಕಾರ ತೆಗೆದು ಷಷ್ಠಿ ವಿಭಕ್ತಿ ಹಚ್ಚಿ ‘ಹಂಗಾಮಿನ ಕೆಲಸಗಾರ’ ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಹಂಗಾಮಿ ಬೇರೆ, ಹಂಗಾಮಿನ ಬೇರೆ. ಬೆಂಗಳೂರು, ಮೈಸೂರಿನ ಕಡೆಯವರಿಗೂ ಈ ವ್ಯತ್ಯಾಸ ಕೇಳಿದ ಕೂಡಲೇ ಹೊಳೆಯುತ್ತದೆಯೇ, ತಿಳಿಸಿ.

ಇನ್ನು ‘ಆಕ್ರಮಣಕಾರಿ’. ಹೊರಗಿನಿಂದ ಬಂದು, ಹಬ್ಬಿ, ಹಾನಿ ಮಾಡುವ ಜೀವಿ ಎಂಬ ಅರ್ಥಕ್ಕೆ, ಇಂಗ್ಲಿಷಿನ ‘ಇನ್ವೇಸಿವ್’ಗೆ ಬದಲಾಗಿ ಇಟ್ಟದ್ದು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಮಾಡುವ ಪದ. ಕ್ರಿಕೆಟ್ ವರದಿಯಲ್ಲಿ ಅದು ಬ್ಯಾಟ್ಸ್‌ಮನ್ನನ ಸ್ವಭಾವ. ಮೀನಿಗೆ ಹಚ್ಚಿದಾಗಲೂ ಸ್ವಭಾವವೇ ಆಗಿಬಿಡುತ್ತದೆ. ಬೆಳ್ಳಿ ಗೆಂಡೆಯನ್ನು (ಸಿಲ್ವರ್ ಕಾರ್ಪ್) ನೋಡಿ: ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುವ ಸಾಧು ಪ್ರಾಣಿ. ಭಾರತಕ್ಕೆ ಅದು 1959ರಲ್ಲಿ ಬಂತು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲು ಗೆಂಡೆಗಳ ಜೊತೆ ಮಿಶ್ರ ಮೀನು ಸಾಕಣೆಯ ಪಾಠಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಅದೇ ಮೀನು ಅಮೆರಿಕದ ಮಿಸಿಸಿಪ್ಪಿ, ಇಲಿನಾಯ್ ನದಿಗಳಲ್ಲಿ ದೊಡ್ಡ ತಂಟೆ. ಸಾಕಣೆ ಕೊಳಗಳಿಂದ ನದಿ ಸೇರಿ, ಅಲ್ಲಿಯ ಮೀನುಗಳ ಮರಿಗಳಿಗೆ ತಿನ್ನಲು ಏನೂ ಉಳಿಯದಷ್ಟು ತುಂಬಿಕೊಂಡಿದೆ. ಮೋಟಾರು ದೋಣಿಯ ಸದ್ದಿಗೆ ಗಾಬರಿಯಾಗಿ ಆಳೆತ್ತರಕ್ಕೆ ಹಾರಿ ದೋಣಿಯಲ್ಲಿದ್ದವರ ಮುಖಕ್ಕೆ ಬಡಿಯುತ್ತದೆ. ಇಲಿನಾಯ್ ರಾಜ್ಯದವರು 2022ರಲ್ಲಿ ಈ ಗೆಂಡೆಗಳಿಗೆ ‘ಕೋಪಿ’ ಎಂಬ ಹೊಸ ಹೆಸರಿಟ್ಟು, ಹಿಡಿದು ತಿನ್ನಿರಿ ಎಂದು ಜನರನ್ನು ಒಲಿಸಲು ಹೊರಟರು. ಹೆಸರಿನ ಪಾಡು ಅವರಿಗೂ ತಪ್ಪಿಲ್ಲ.

‘ವಿದೇಶಿ ಮೀನು’, ‘ಅನ್ಯದೇಶೀಯ ಮೀನು’ ಎಂದು ಬರೆಯುವವರೂ ಇದ್ದಾರೆ. ದೇಶದ ಗಡಿ ಮೀನಿಗೆ ಗೊತ್ತಿಲ್ಲ. ಯೆಲ್ಲೋಸ್ಟೋನಿನ ಲೇಕ್ ಟ್ರೌಟ್ ಅಪ್ಪಟ ಉತ್ತರ ಅಮೆರಿಕದ ಮೀನು. ಮಹಾ ಸರೋವರಗಳ (ಗ್ರೇಟ್ ಲೇಕ್ಸ್) ಕಡೆಯಿಂದ ತಂದು 1890ರಲ್ಲಿ ಅದೇ ಉದ್ಯಾನದ ಬೇರೆ ಸರೋವರಗಳಿಗೆ ಬಿಟ್ಟದ್ದು, ಆಮೇಲೆ ಈ ಸರೋವರಕ್ಕೂ ಬಂತು. ಅದನ್ನು ವಿದೇಶಿ ಎನ್ನಲು ಬರುವುದಿಲ್ಲ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹುಗಳೂ ಗಂಗೆಯ ಬಯಲಿನ ಹೆಸರಾಂತ ಮೀನುಗಳೇ.

ಹಾಗಾದರೆ ‘ಕಳೆ’? ತೊಗರಿ ಹೊಲದಲ್ಲಿ ಎದ್ದ ಜೋಳದ ಗಿಡದಂತೆ, ತಪ್ಪು ಗಿಡದ್ದಲ್ಲ, ನಿಂತ ಜಾಗದ್ದು ಎಂಬ ಅರ್ಥ ಆ ಪದದಲ್ಲೇ ಇದೆ. ಮೇಲಾಗಿ ಕಾರಂಜಾ ಜಲಾಶಯವಾಗಲಿ, ನಾರಾಯಣಪುರದ ಬಸವಸಾಗರವಾಗಲಿ, ಊರ ಕೆರೆಯಾಗಲಿ, ಮರಿ ಬಿಡುವುದಕ್ಕೆ ‘ಮೀನುಮರಿ ಬಿತ್ತನೆ’ ಎನ್ನುವುದು ರೂಢಿ. ಬಿತ್ತನೆ ಇದ್ದಲ್ಲಿ ಕಳೆ ಇರಲೇಬೇಕಲ್ಲ! ಇದೆ ಕೂಡ; ತೊಡಕೇ ಅದು. ಮೀನು ಸಾಕುವವರ ಮಾತಿನಲ್ಲಿ ‘ಕಳೆ ಮೀನು’ ಎಂದರೆ ಕೊಳದಲ್ಲಿ ತಾನಾಗಿ ಹುಟ್ಟಿ, ಬಿತ್ತಿದ ಮರಿಗಳ ಆಹಾರಕ್ಕೆ ಪಾಲುದಾರರಾಗುವ ಸಣ್ಣ ಮೀನುಗಳು. ಅವುಗಳಲ್ಲಿ ಹೆಚ್ಚಿನವು ಇಲ್ಲಿಯವೇ, ತಲೆತಲಾಂತರದಿಂದ ಇಲ್ಲಿರುವವು. ಅವನ್ನು ಕೊಲ್ಲಲು ಮರಿ ಬಿಡುವುದಕ್ಕೆ ಮೊದಲು ಹಿಪ್ಪೆ ಮರದ ಬೀಜದ ಹಿಂಡಿ ಹಾಕುತ್ತಾರೆ: ಒಂದು ಮೀಟರ್ ಆಳದ ಒಂದು ಹೆಕ್ಟೇರ್ ಕೊಳಕ್ಕೆ 2500 ಕಿಲೋ. ಹಿಂಡಿಯಲ್ಲಿರುವ ಸಪೋನಿನ್ ಎಂಬ ವಿಷಾಂಶ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಎರಡು ಮೂರು ವಾರಗಳಲ್ಲಿ ವಿಷ ಇಳಿದು ಅದೇ ಹಿಂಡಿ ಕೊಳಕ್ಕೆ ಗೊಬ್ಬರವಾಗುತ್ತದೆ. ಅಂದರೆ ಕೃಷಿಕನ ಕಳೆ ಮೀನು ಸ್ಥಳೀಯ, ಬೆಳೆ ಮೀನು ಹೊರಗಿನದು. ನನಗೆ ಬೇಕಾದ ಅರ್ಥಕ್ಕೆ ಇದು ಪೂರ್ತಿ ತಿರುವುಮುರುವು. ಇನ್ನೊಂದು ಸ್ಥಳೀಯ ಅಡ್ಡಿಯೂ ಇದೆ. ನಮ್ಮ ಕಡೆಯ ರೈತರು ಕಳೆಗೆ ‘ಕಸ’ ಎನ್ನುತ್ತಾರೆ, ಕಳೆ ಕೀಳುವುದು ‘ಕಸ ತೆಗೆಯುವುದು’. ‘ಕಸದ ಮೀನು’ ಎಂದು ಅಚ್ಚು ಹಾಕಿದರೆ ತಿಪ್ಪೆಯ ಮೀನು ಎಂದೇ ಓದುತ್ತಾರೆ.

ಪುಸ್ತಕ ಬಿಟ್ಟು ನೀರಿನ ಹತ್ತಿರದವರನ್ನೇ ಕೇಳೋಣವೆಂದು ಯಾದಗಿರಿಯ ಬಳಿ ಭೀಮಾ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದೆ. ಬುಟ್ಟಿಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಒಂದಿತ್ತು. ಎಂಟು ಮೀಸೆ, ಚಪ್ಪಟೆ ತಲೆ, ನೀರಿನಿಂದ ತೆಗೆದು ಬಹಳ ಹೊತ್ತಾಗಿದ್ದರೂ ಬಾಯಿ ಆಡಿಸುತ್ತಲೇ ಇತ್ತು. ಹೊರಗಿನ ಗಾಳಿಯನ್ನೇ ಉಸಿರಾಡಬಲ್ಲ ಮೀನು ಅದು. ದೇಶದಲ್ಲಿ ಅದರ ಸಾಕಣೆಗೆ ನಿಷೇಧವಿದೆ.

“ಕಾಕಾ, ಇದಕ್ಕೆ ನಿಮ್ಮಲ್ಲಿ ಏನು ಹೆಸರು?”

“ಕ್ಯಾಟ್‌ಫಿಶ್.”

ಅಷ್ಟೇ. ಅಚ್ಚಗನ್ನಡದ ಹೆಸರು ಸಿಗುತ್ತದೆ ಎಂಬ ಆಸೆಗೆ ಅಲ್ಲೇ ಎಳ್ಳುನೀರು ಬಿಟ್ಟೆ. ಆದರೆ ಮಾತು ಮುಂದುವರಿದಾಗ ಅವರು, “ಇದು ಹೊಳೆ ಹೊಕ್ಕ ಮೇಲೆ ಬಲೆಗೆ ಸಣ್ಣ ಮೀನು ಬೀಳುವುದು ಕಡಿಮೆಯಾಯಿತು” ಎಂದರು. ಬಂತು ಎನ್ನಲಿಲ್ಲ, ಸೇರಿತು ಎನ್ನಲಿಲ್ಲ. ಹೊಲಕ್ಕೆ ದನ ಹೊಕ್ಕಾಗ, ಮನೆಗೆ ಮಳೆನೀರು ಹೊಕ್ಕಾಗ ಬಳಸುವ ಕ್ರಿಯಾಪದವದು. ಅಲ್ಲಿಂದ ನನ್ನ ಪ್ರಸ್ತಾಪ ಹೀಗಾಗಿದೆ: ಹೊರಗಿನಿಂದ ಬಂದು ನೆಲೆಸಿದ್ದೆಲ್ಲ ‘ಹೊಕ್ಕ ಮೀನು’, ಅವುಗಳಲ್ಲಿ ಹಾನಿ ಮಾಡುವಷ್ಟು ಹಬ್ಬಿದ್ದು ಮಾತ್ರ ‘ಹಾವಳಿ ಮೀನು’. ಹೊಕ್ಕಿದ್ದೆಲ್ಲ ಹಾವಳಿಯಾಗುವುದಿಲ್ಲ ಎಂಬ ವ್ಯತ್ಯಾಸ ವಿಜ್ಞಾನಕ್ಕೂ ಬೇಕು. ಕಾಡಾನೆ ಹಾವಳಿ, ಮಂಗಗಳ ಹಾವಳಿ ಎಂದು ದಿನವೂ ಓದುವ ನಮಗೆ ಹಾವಳಿ ಹೊಸ ಪದವೇನಲ್ಲ. ‘ಪೀಡೆ’ಯೂ ಆಗುತ್ತಿತ್ತು, ಪೀಡೆನಾಶಕ ಎಂಬ ಪದ ಬಳಕೆಯಲ್ಲಿದೆ, ಆದರೆ ಪೀಡೆ ಎಂದರೆ ಬೈಗುಳ, ಹಾವಳಿ ಎಂದರೆ ನಡೆದ ಸಂಗತಿ.

‘ನಿಯಂತ್ರಣ’ಕ್ಕಿಂತ ‘ಹತೋಟಿ’ ಮೇಲು. ಕೀಟ ಹತೋಟಿ ಎನ್ನುವುದು ರೈತರಿಗೆ ಪರಿಚಿತ, ಮತ್ತು ಅದು ನಿರ್ಮೂಲನವಲ್ಲ ಎಂಬುದೂ ಗೊತ್ತು. ಅಮೆರಿಕದ ಮಹಾ ಸರೋವರಗಳಲ್ಲಿ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿಯ ಮರಿಗಳನ್ನು ಕೊಲ್ಲಲು 1958ರಿಂದ ತೊರೆಗಳಿಗೆ ಔಷಧ ಬಿಡುತ್ತಿದ್ದಾರೆ. ಅದು ಹತೋಟಿಯಲ್ಲಿದೆ, ಹೋಗಿಲ್ಲ.

‘ತಂತ್ರಜ್ಞ’ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಲೆ ಎಳೆದು ಮೀನಿನ ಲೋಳೆ ಬಳಿದುಕೊಂಡವನಿಗೆ ಆ ಪದ ಇಸ್ತ್ರಿ ಮಾಡಿದ ಅಂಗಿ ತೊಡಿಸುತ್ತದೆ. ‘ತಾಂತ್ರಿಕ’ ಎಂದರೆ ಮೀನಿಗೆ ಮಾಟ ಮಾಡುವವನಾಗುತ್ತಾನೆ. ‘ಕ್ಷೇತ್ರ ಸಹಾಯಕ’ ಸಾಕೆಂದು ಕಾಣುತ್ತದೆ.

ಹೀಗೆ ಒಟ್ಟಾಗಿ ‘ಹಾವಳಿ ಮೀನು ಹತೋಟಿಯ ಹಂಗಾಮಿನ ಕ್ಷೇತ್ರ ಸಹಾಯಕ’ ಎಂದಾಗುತ್ತದೆ. ಉದ್ದವಾಯಿತು, ಒಪ್ಪುತ್ತೇನೆ. ಚಿಕ್ಕದು ಮಾಡಬಲ್ಲವರು ಮಾಡಿ. ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಇನ್ನೊಂದು ಕೋರಿಕೆ: ಸಕ್ಕರೆ ಕಾರ್ಖಾನೆಯಲ್ಲಿ ನುರಿಸುವ ತಿಂಗಳುಗಳಿಗಷ್ಟೇ ಕೆಲಸಕ್ಕೆ ಬರುವವರನ್ನು ಅಲ್ಲಿಯ ಕಾರ್ಮಿಕರು ತಮ್ಮೊಳಗೆ ಏನೆಂದು ಕರೆಯುತ್ತಾರೆ? ಹಾಜರಿ ಪುಸ್ತಕದಲ್ಲಿ ಬರೆಯುವ ಪದ ಬೇಡ, ಬಾಯಲ್ಲಿ ಬರುವ ಪದ ಬೇಕು.