ಔಷಧ ಪುಕ್ಕಟೆ ಅಂತ ಕ್ಯಾನ್ಸರ್ ಟ್ರಯಲ್‌ಗೆ ಸೇರೋದು ಸರಿಯೇನ್ರಿ?

ಕೃಷ್ಣಾತೀರ (ಜಮಖಂಡಿ): ಟ್ರಯಲ್ ಅಂದ್ರ ಚಿಕಿತ್ಸೆಯನ್ನ ರೋಗಿಗಳ ಮ್ಯಾಲ ಪರೀಕ್ಷೆ ಮಾಡಿ ನೋಡೋದು. ನಮ್ಮ ಕಡೆ ಮಂದಿ ಅದಕ್ಕ ಹೂಂ ಅನ್ನೋದು ಔಷಧ ಪುಕ್ಕಟೆ ಅಂತ. ಓದಾಕ ಬರದವರ ಹೆಬ್ಬೆಟ್ಟು ಒತ್ತಿಸಿಕೊಂಡ್ರ ಅದು ಒಪ್ಪಿಗೆ ಅಲ್ಲ. ಹಿಂಗಿದ್ರ ಸೇರದಿರೋದ ಚೊಲೋ.

ಘಟಪ್ರಭಾ (ಗೋಕಾಕ): ಹೆಬ್ಬೆಟ್ಟಿನ ಮಾತು ಖರೆ ಐತ್ರಿ, ಆದ್ರ ನಿಯಮ ಅಷ್ಟಕ್ಕ ಬಿಟ್ಟಿಲ್ಲ. 2019ರ ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಓದಾಕ ಬರದವರಿಗೆ ವಿವರಿಸುವಾಗ ನಿಷ್ಪಕ್ಷ ಸಾಕ್ಷಿಯೊಬ್ಬರು ಮೊದಲಿನಿಂದ ಕಡೀತನಕ ಕೂತು, ತಾವೂ ಸಹಿ ಹಾಕಬೇಕು. ಒಪ್ಪಿಗೆ ಪತ್ರದ ಪ್ರತಿ ರೋಗಿ ಕೈಗೆ ಬರಬೇಕು. ಬೆಳಗಾವಿಯೊಳಗ ಕನ್ನಡ ಓದಿ ತಿಳಿಯದ ಮರಾಠಿ ಮನೆಮಾತಿನವರು ಕನ್ನಡ ಪತ್ರಕ್ಕ ಸಹಿ ಹಾಕಬಾರದು, ಮರಾಠಿ ಪತ್ರಾನ ಕೇಳಬೇಕು. ಮನಿಗೆ ಒಯ್ದು ಓದಿಸಿಕೊಂಡು ಮರುದಿನ ಸಹಿ ಮಾಡ್ತೀವಿ ಅಂದ್ರೂ ನಡೀತೈತಿ.

ನಿಂಬೆಬನ (ಇಂಡಿ): ಸಹಿಗಿಂತ ಮೊದಲ ಕೇಳಬೇಕಾದ್ದು, ಇದು ಎಷ್ಟನೇ ಹಂತ? 1ನೇ ಹಂತದಾಗ ಎಷ್ಟು ಡೋಸ್ ಮೈ ತಡೀತದ ಅಂತ ನೋಡ್ತಾರ, ಲಾಭದ ಭರವಸೆ ಇರೂದಿಲ್ಲ. 3ನೇದರಾಗ ಈಗಿರೋ ಚಿಕಿತ್ಸೆ ಜೋಡಿ ಹೋಲಸ್ತಾರ. ಯಾವ ಗುಂಪು ಅನ್ನೋದು ಚೀಟಿ ಎತ್ತಿದಂಗ, ಡಾಕ್ಟರ್ ಕೈಯಾಗ ಇರೂದಿಲ್ಲ. ಮತ್ತ ಟ್ರಯಲ್ ಅಂದ್ರ ಹೊಸ ಗುಳಿಗಿನ ಇರಬೇಕಂತಿಲ್ಲ. ಆರಂಭದ ಬಾಯಿ ಕ್ಯಾನ್ಸರ್‌ಗೆ, ರೋಗ ಹಬ್ಬಬಹುದಾದ ಕುತ್ತಿಗಿಯ ದುಗ್ಧಗ್ರಂಥಿ (ಲಿಂಫ್ ನೋಡ್) ಮೊದಲ ಆಪರೇಷನ್‌ದಾಗ ತಗೀಬೇಕೋ, ಗಂಟು ಕಂಡ ಮ್ಯಾಲ ತಗೀಬೇಕೋ? ಮುಂಬೈ ಟಾಟಾ ಆಸ್ಪತ್ರೆಯ ಟ್ರಯಲ್ 2015ರಾಗ ಉತ್ತರ ಕೊಟ್ಟಿತು: ಮೊದಲ ತಗದವರೊಳಗ 3 ವರ್ಷಕ್ಕ ನೂರಕ್ಕ 80 ಮಂದಿ ಬದುಕಿದ್ರು, ಕಾದವರೊಳಗ 67.5. ಗುಟ್ಕಾ ತಿನ್ನೋ ನಮ್ಮ ಜಿಲ್ಲೆಗಳಿಗೆ ಇದು ಎಷ್ಟು ದೊಡ್ಡ ಮಾತು! ಆ ರೋಗಿಗಳು ಟ್ರಯಲ್‌ಗೆ ಸೇರದಿದ್ರ ಇದು ಗೊತ್ತಾಗ್ತಿರಲಿಲ್ಲ.

ಕೃಷ್ಣಾತೀರ: ಅದನ್ನ ಒಪ್ಪಿದೆ. ಆದ್ರ 21 ದಿನಕ್ಕೊಂದು ಡೋಸ್, ನಡುವ ರಕ್ತ ಪರೀಕ್ಷೆ, ಆರೆಂಟು ವಾರಕ್ಕ ಸ್ಕ್ಯಾನ್ ಅಂದ್ರ ಕಬ್ಬು ಕಡಿಯೋ ಹಂಗಾಮಿನಾಗ ಜೊತಿಗೆ ಯಾರು ಬರ್ತಾರ? ಔಷಧ ಪುಕ್ಕಟೆ ಸರಿ, ಬಸ್ ಚಾರ್ಜು, ಸ್ಕ್ಯಾನ್ ಯಾರದು? ಮಂದಿ ಟ್ರಯಲ್ ನಡುವ ಬಿಡೋದು ಇದಕ್ಕ.

ಗುಮ್ಮಟನಗರಿ (ವಿಜಯಪುರ): ಆ ಖರ್ಚು ಯಾರದು ಅಂತ ಒಪ್ಪಿಗೆ ಪತ್ರದಾಗ ಬರದಿರತಾರ, ಬೆರಳಿಟ್ಟು ತೋರಿಸ್ರಿ ಅನ್ನಬೇಕು. ಯಾವಾಗ ಬೇಕಾದ್ರೂ ಬಿಟ್ಟು ಬರಬಹುದು, ಅದಕ್ಕ ಮಾಮೂಲಿ ಚಿಕಿತ್ಸೆ ನಿಲ್ಲಿಸಂಗಿಲ್ಲ. ಟ್ರಯಲ್‌ನಿಂದ ಅಪಾಯ ಆದ್ರ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ಕೆಡೋದು ಎಲ್ಲಿ ಅಂದ್ರ, ಕಷಾಯ, ನಾಟಿ ಔಷಧ ಮುಚ್ಚಿಡ್ತಾರ. ಲಿವರ್ ಏರುಪೇರಾದ್ರ ಕಾರಣ ಯಾವುದಂತ ತಿಳಿಯೂದಿಲ್ಲ, ಡೋಸ್ ನಿಲ್ಲತದ. ಇನ್ನ ಕೀಮೋ ನಡದಾಗ ಜ್ವರ 100.4 ದಾಟಿದ್ರ ಗುಳಿಗಿ ನುಂಗಿ ಮಲಗಬಾರದು, ರಾತ್ರಿನ ಹತ್ತಿರದ ದವಾಖಾನಿಗೆ ಹೋಗಿ ಟ್ರಯಲ್ ಕಾರ್ಡ್ ತೋರಿಸಬೇಕು. ಆ ಕಾರ್ಡಿನ ಮ್ಯಾಲ ತಂಡದ ನಂಬರ್ ಇರತದ.

ಕೃಷ್ಣಾತೀರ: ಹಂಗಾರ ಸಹಿ ಮಾಡೋಕ್ಕಿಂತ ಮೊದಲ ಆ ನಂಬರ್ ಕೇಳಿ ಇಸ್ಕೊಂಡು, ಒಂದು ರಾತ್ರಿ ಫೋನ್ ಹಚ್ಚಿ ನೋಡ್ರಿ. ಎತ್ತದಿದ್ರ ಸಹಿ ಬ್ಯಾಡ.